ಕಾರು ನಿದ್ದೆಹೋಗುವವರೆಗೆ

ಕೀಲಿ ತಿರುಗಿಸಿದಾಗಲೆಲ್ಲ ಕಾರು ಟಕ್ ಟಕ್ ಎಂದು ಲೊಟಗುಟ್ಟಿತೇ ಹೊರತು ಏಳಲಿಲ್ಲ. ಎರಡು ಗಾಡಿ ಅಕ್ಕಪಕ್ಕ ಹಿಡಿಯದ ಓಣಿ ಅದು. ಕಾರಿನ ಹಿಂದೆ ಹೆಣದ ವ್ಯಾನು. ವ್ಯಾನಿನಲ್ಲಿ ಅಪ್ಪ.

"ತಳ್ಳಿ ಆಚೆ ಹಾಕ್ರಪ್ಪಾ," ಎಂದ ಚಿಕ್ಕಪ್ಪ. "ಹನ್ನೊಂದಕ್ಕೆ ಸ್ಮಶಾನದಲ್ಲಿ ನಮ್ಮ ಸರದಿ. ತಪ್ಪಿದ್ರೆ ಸಾಯಂಕಾಲ."

"ಇರಿ, ನಾನು ನೋಡ್ತೀನಿ," ಎಂದು ಮಗಳು ಬಾನೆಟ್ ಎತ್ತಿದಳು.

ಕಾರು ಬ್ಯಾಟರಿ ಅಂಗಡಿಯ ಯಜಮಾನನದು. ಹನ್ನೊಂದು ವರ್ಷದ ಹಿಂದೆ ಅಪ್ಪನನ್ನು ಕಳ್ಳ ಎಂದು ಕರೆದು ಕೆಲಸದಿಂದ ಓಡಿಸಿದವನು. ಈಗಷ್ಟೇ ಹೂಗುಚ್ಛ ಹಿಡಿದು ಬಂದು, ಹೆಣದ ತಲೆಯ ಹತ್ತಿರ ನಿಂತು, "ಏನೋ ಕೆಟ್ಟ ಗಳಿಗೆ, ಕದ್ದುಬಿಟ್ಟ. ನಾನು ಯಾವತ್ತೋ ಕ್ಷಮಿಸಿಬಿಟ್ಟಿದ್ದೆ," ಎಂದು ಕಣ್ಣೊರೆಸಿಕೊಂಡಿದ್ದ. ನೆರೆದವರು ತಲೆದೂಗಿದ್ದರು. ಅವನ ಮಾತಿಗಿಂತ ಆ ತೂಗಿದ ತಲೆಗಳು ಅವಳನ್ನು ಇರಿದಿದ್ದವು. ವ್ಯಾನು ಹೊರಡುವುದರೊಳಗೆ, ಅದೇ ತಲೆಗಳ ಮುಂದೆ, ಆ ಮಾತನ್ನು ಅವನಿಂದಲೇ ನುಂಗಿಸಬೇಕಿತ್ತು.

"ಹೊಸ ಬ್ಯಾಟರಿ ಕಣಮ್ಮಾ. ಹೋದ ತಿಂಗಳು ಹಾಕಿದ್ದು," ಎಂದ ಯಜಮಾನ.

"ಎಷ್ಟನೇದು?"

ಯಜಮಾನ ಆಕಾಶ ನೋಡಿದ. ಡ್ರೈವರ್ ಬಾಯಿಬಿಟ್ಟ: "ಎರಡು ವರ್ಷದಲ್ಲಿ ಐದನೇದು. ನಾಲ್ಕು ದಿನ ನಿಲ್ಸಿದ್ರೆ ಗೊಟಕ್. ಇವತ್ತು ಬೆಳಿಗ್ಗೇನೂ ತಳ್ಳಿ ಎಬ್ಬಿಸ್ಕೊಂಡೇ ಬಂದಿದ್ದು."

"ಬ್ಯಾಟರಿ ಮಾರೋನ ಕಾರಿಗೇ ಬ್ಯಾಟರಿಗೆ ಬರ!" ಅತ್ತೆ ಸೆರಗಿನಿಂದ ಮೂಗೊರೆಸಿಕೊಂಡಳು. "ನಮ್ಮಣ್ಣ ಇದನ್ನ ಕೇಳಿದ್ರೆ ಎರಡು ತುತ್ತು ಜಾಸ್ತಿ ಉಣ್ತಿದ್ದ."

ಮಗಳು ಮನೆಯ ಮುಂದೆ ಅಪ್ಪ ಕಾರು ರಿಪೇರಿ ಮಾಡುತ್ತಿದ್ದ ಶೆಡ್ಡಿಗೆ ಹೋಗಿ, ಕರೆಂಟು ಅಳೆಯುವ ಅವನ ಮೀಟರನ್ನೂ ಚಾರ್ಜ್ ಆಗಿದ್ದ ಒಂದು ಬ್ಯಾಟರಿಯನ್ನೂ ಹೊತ್ತು ತಂದಳು. ಸತ್ತ ಬ್ಯಾಟರಿ ಇಳಿಸಿ, ಇದನ್ನು ಅದರ ಜಾಗದಲ್ಲಿ ಕೂರಿಸಿದಳು.

"ಸ್ಟಾರ್ಟ್ ಮಾಡಿ ಕಳಿಸು, ಸಾಕು," ಎಂದ ಚಿಕ್ಕಪ್ಪ.

"ಮುಂದೆ ಎಲ್ಲೋ ನಿಂತ್ರೆ ಮತ್ತೆ ನಮಗೇ ಅಡ್ಡ. ರೋಗ ಏನಂತ ಕಂಡುಹಿಡಿದೇ ಕಳಿಸೋಣ."

ಅದು ಅರ್ಧ ಸುಳ್ಳು. ಇವನು ಇಲ್ಲಿ, ಈ ಬಿಸಿಲಲ್ಲಿ, ಎಲ್ಲರ ಕಣ್ಣೆದುರು ನಿಲ್ಲಲಿ ಎಂಬುದು ಉಳಿದರ್ಧ.

ಬ್ಯಾಟರಿಗೂ ತಂತಿಗೂ ನಡುವೆ ಮೀಟರು ಸೇರಿಸಿದಳು. ಎಡಗಡೆಯ ಬಾಗಿಲು ತೆರೆದು, ಅದರ ಚಿಲಕವನ್ನು ಸ್ಕ್ರೂಡ್ರೈವರಿನಿಂದ ಅದುಮಿದಳು. ತೆರೆದಿದ್ದರೂ ಬಾಗಿಲು ಹಾಕಿದೆ ಎಂದು ಕಾರು ನಂಬಬೇಕು.

"ಯಾರೂ ಮುಟ್ಟಬೇಡಿ. ಇದು ನಿದ್ದೆಹೋಗ್ಬೇಕು. ಇಪ್ಪತ್ತು ನಿಮಿಷ."

*

"ಬ್ಯಾಟರಿ ಸತ್ತರೆ ಬ್ಯಾಟರೀನ ಬೈಬೇಡ," ಎನ್ನುತ್ತಿದ್ದ ಅಪ್ಪ. "ಒಳಗೆ ಯಾರೋ ಕೂತು ಹೀರ್ತಿದ್ದಾರೆ ಅಂತ ಅರ್ಥ. ಮುಟ್ಟಿದ ಕೂಡ್ಲೇ ಅಳೀಬೇಡ, ಆಗ ಇಡೀ ಕಾರೇ ಎದ್ದು ಕೂತಿರುತ್ತೆ. ಮಲಗಲಿ. ಆಮೇಲೆ ಫ್ಯೂಸು ಒಂದೊಂದೇ ಕೀಳು. ಯಾವುದನ್ನ ಕಿತ್ತಾಗ ಮುಳ್ಳು ಬೀಳುತ್ತೋ, ಕಳ್ಳ ಆ ದಾರೀಲಿದ್ದಾನೆ."

ಹೇಳುತ್ತಲೇ ತಂತಿಗಳನ್ನು ಮೇಣದ ದಾರದಿಂದ ಕಟ್ಟುತ್ತಿದ್ದ. ಬೆರಳಗಲಕ್ಕೊಂದು ಗಂಟು, ಪ್ರತಿ ಗಂಟೂ ಎಡಕ್ಕೆ. ಪ್ಲಾಸ್ಟಿಕ್ ಟೇಪು ಸೋಮಾರಿಗಳಿಗೆ ಎನ್ನುತ್ತಿದ್ದ.

ಅಂಗಡಿಯಲ್ಲಿ ಅವನಿಗೆ ಮುಳುವಾದದ್ದು ಇದೇ ವಿದ್ಯೆ. ಹೊಸ ಬ್ಯಾಟರಿ ಕೊಳ್ಳಲು ಬಂದ ಟೀಚರೊಬ್ಬರಿಗೆ, "ನಿಮ್ಮದು ಚೆನ್ನಾಗೇ ಇದೆ ಮೇಡಂ, ಡಿಕ್ಕಿ ದೀಪ ಆರ್ತಿಲ್ಲ ಅಷ್ಟೇ," ಎಂದು ಸ್ವಿಚ್ಚು ಸರಿಮಾಡಿ ಕಳಿಸಿದ. ಇನ್ನೊಬ್ಬರಿಗೂ ಹಾಗೇ ಮಾಡಿದ, ಮತ್ತೊಬ್ಬರಿಗೂ. ನಾಲ್ಕನೆಯ ವಾರ, ಅಂಗಡಿಯಲ್ಲಿ ಅವನು ಬಟ್ಟೆ ಇಡುತ್ತಿದ್ದ ಬೀರುವಿನಲ್ಲಿ ಹೊಸ ಬ್ಯಾಟರಿಯೊಂದು 'ಸಿಕ್ಕಿತು'.

ಆ ಸಂಜೆ ಮನೆಗೆ ಬಂದು ಕೈತೊಳೆದು ತಟ್ಟೆಯ ಮುಂದೆ ಕೂತ. ಹೋಗಿ ಅವನ ಕಾಲರು ಹಿಡಿ ಎಂದು ಮಗಳು ಕಿರುಚಿದಳು. "ಬಿಡು," ಎಂದ, ಅಷ್ಟೇ. ಅಂದಿನಿಂದ ಅಪ್ಪನೆಂದರೆ ಅವಳಿಗೆ ಪ್ರೀತಿಯ ಜೊತೆಗೆ ಚೂರು ಅಸಹ್ಯ. ಕೋಪವನ್ನೇ ಕೊಡದೆ ದೇವರು ಕಳಿಸಿದ ಗಂಡಸು.

*

ಇಪ್ಪತ್ತು ನಿಮಿಷವಾದರೂ ಮೀಟರು ನಾನೂರು ಮಿಲಿಆಂಪಿನ ಮೇಲೆ ನಿಂತಿತ್ತು. ಮಲಗಿದ ಕಾರಿಗೆ ಮೂವತ್ತು ಸಾಕು.

ಯಜಮಾನ ಕೊರಳ ಬೆವರು ಒರೆಸಿಕೊಳ್ಳುತ್ತಿದ್ದ. ಅವಳು ಮೀಟರಿನ ಮುಳ್ಳು ನೋಡಿ ಹೇಳಲು ಬಾನೆಟ್ಟಿನ ಹತ್ತಿರ ಚಿಕ್ಕಪ್ಪನನ್ನು ನಿಲ್ಲಿಸಿ, ಒಳಗೆ ಬಗ್ಗಿ ಫ್ಯೂಸು ಕೀಳತೊಡಗಿದಳು. ರೇಡಿಯೋ. "ಬೀಳ್ಲಿಲ್ಲ." ಹಾರ್ನು. "ಇಲ್ಲ." ವೈಪರ್. "ಇಲ್ಲ ಕಣೇ, ಟೈಮಾಯ್ತು!" ಒಳದೀಪದ್ದು.

"ಬಿತ್ತು ಬಿತ್ತು!"

ಫ್ಯೂಸು ವಾಪಸು ಚುಚ್ಚಿ, ಡ್ಯಾಶ್‌ಬೋರ್ಡಿನ ಡಬ್ಬಿ ಕಳಚಿ ಕೆಳಗಿಳಿಸಿದಳು. ಟಾರ್ಚು ಬೇಕಾಗಲಿಲ್ಲ. ಆ ಕತ್ತಲ ಗೂಡಿನಲ್ಲಿ, ಯಾವ ಕಾರ್ಖಾನೆಯೂ ಇಡದ ಜಾಗದಲ್ಲಿ, ಕಡಲೆಕಾಳಿನಷ್ಟು ಬಲ್ಬೊಂದು ಹಳದಿಯಾಗಿ ಉರಿಯುತ್ತಿತ್ತು. ಸ್ವಿಚ್ಚಿಲ್ಲ. ತಂತಿಗೆ ಬೆರಳಗಲಕ್ಕೊಂದು ಮೇಣದ ಗಂಟು. ಪ್ರತಿ ಗಂಟೂ ಎಡಕ್ಕೆ.

ಅವಳು ಒಂದು ಗಂಟನ್ನು ಬೆರಳಿಂದ ಸವರಿದಳು. ಪಕ್ಕದಲ್ಲಿ ಡ್ರೈವರ್ ಬಗ್ಗಿ ಪಿಸುಗುಟ್ಟಿದ: "ಎರಡು ವರ್ಷದ ಹಿಂದೆ ಹಾರ್ನ್ ಕೆಟ್ಟಿತ್ತು. ನಿಮ್ಮಪ್ಪನ ಹತ್ರಾನೇ ತಂದಿದ್ದೆ. ಯಜಮಾನ್ರಿಗೆ ಹೇಳಿಲ್ಲ... ಯಾಕಮ್ಮಾ, ಅಳ್ತಿದ್ದೀಯಾ?"

"ಇಲ್ಲ," ಎಂದಳು. ಅವಳು ಅಳುತ್ತಿರಲಿಲ್ಲ. ಡಬ್ಬಿಯನ್ನು ಮತ್ತೆ ಕೂರಿಸಿ, ಸ್ಕ್ರೂಗಳನ್ನು ಬಿಗಿಯಾಗಿ ತಿರುಗಿಸಿದಳು.

"ಸಿಕ್ತೇನಮ್ಮಾ?" ಯಜಮಾನ ಹತ್ತಿರ ಬಂದ.

"ಸಿಕ್ತು. ಅದಕ್ಕೆ ಮೊದಲು ನೀವೊಂದು ಹೇಳಿ." ದನಿ ಓಣಿಯ ಕೊನೆಯವರಿಗೂ ಕೇಳುವಷ್ಟಿತ್ತು. "ನಮ್ಮಪ್ಪನ ಬೀರುವಿನಲ್ಲಿ ಬ್ಯಾಟರಿ ಇಟ್ಟಿದ್ದು ಯಾರು?"

"ಸಾವಿನ ಮನೇಲಿ ಇದೆಲ್ಲ ಯಾಕಮ್ಮಾ..."

"ಸಾವಿನ ಮನೇಲಿ ಮಾತೆತ್ತಿದ್ದು ನೀವು."

"ಹಳೇ ಮಾತು. ನನಗೆ ನೆನಪಿಲ್ಲ."

"ಅಯ್ಯೋ ಪಾಪ," ಎಂದಳು ಅತ್ತೆ. "ಕ್ಷಮಿಸಿದ್ದು ನೆನಪಿದೆ, ಇಟ್ಟಿದ್ದು ಮರೆತೋಯ್ತು!"

ಹಿಂದೆ ಯಾರೋ ಕಿಸಕ್ಕೆಂದರು. ಈ ಸಲ ಯಾವ ತಲೆಯೂ ತೂಗಲಿಲ್ಲ. ಎಲ್ಲವೂ ಯಜಮಾನನ ಬಾಯನ್ನೇ ನೋಡುತ್ತಿದ್ದವು. ಅವನು ಮತ್ತೆ ಕೊರಳ ಬೆವರು ಒರೆಸಿಕೊಂಡ.

ಮಗಳು ಅಪ್ಪನ ಬ್ಯಾಟರಿಯನ್ನು ಕಳಚಿ ಕೆಳಗಿಳಿಸಿಟ್ಟಳು. ಸತ್ತದ್ದನ್ನು ಅದರ ಜಾಗದಲ್ಲಿಟ್ಟು ತಂತಿ ಬಿಗಿದಳು.

"ಬ್ಯಾಟರಿ ಹೋಗಿದೆ ಸಾರ್. ನಿಮ್ಮಂಗಡೀಲೇ ಸಿಗುತ್ತಲ್ಲ, ಇನ್ನೊಂದು ಹಾಕ್ಸಿ."

ಡ್ರೈವರ್ ಸ್ಟಿಯರಿಂಗ್ ಹಿಡಿದು ಕೂತ. ಯಜಮಾನ ಸುತ್ತ ನೋಡಿದ. ಚಿಕ್ಕಪ್ಪ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಉಳಿದವರ ಕೈಗಳೂ ಒಂದೊಂದಾಗಿ ಎಲ್ಲೋ ಅಡಗಿಕೊಂಡವು. ವ್ಯಾನಿನ ಇಂಜಿನು ಶುರುವಾಯಿತು.

ಅವನು ಅಂಗಿಯ ತೋಳು ಮಡಚಿ, ಡಿಕ್ಕಿಗೆ ಎರಡೂ ಅಂಗೈ ಊರಿ, ನಡು ಬಗ್ಗಿಸಿದ. ಕಾರು ಒಂದು ಗೇಣು ಸರಿಯಿತು, ನಿಂತಿತು, ಮತ್ತೊಂದು ಗೇಣು. ಅವನ ಬೆನ್ನಿಗೆ ಒಂದು ಮೊಳ ಬಿಟ್ಟು, ಅವನದೇ ನಡಿಗೆಗೆ ಸರಿಯಾಗಿ, ಅಪ್ಪನ ವ್ಯಾನು ಬರುತ್ತಿತ್ತು. ಅದರ ಹಿಂದೆ ಇಡೀ ಓಣಿ. ಎಲ್ಲರಿಗಿಂತ ಮುಂದೆ, ಹಣೆ ಕಾರಿನ ಹಿಂದಿನ ಗಾಜಿಗೆ ತಾಗುವಷ್ಟು ಬಾಗಿ, ಯಜಮಾನ ಏದುಸಿರು ಬಿಡುತ್ತ ಹೆಜ್ಜೆ ಹಾಕುತ್ತಿದ್ದ. ದೊಡ್ಡ ರಸ್ತೆಗೆ ಇನ್ನೂ ಅರವತ್ತು ಮಾರು ಏರು ಇತ್ತು.