ನಾನೂರ ಹನ್ನೆರಡನೆಯ ಸಾಲು

ತೆರೆಯ ಮೇಲೆ ಒಂದು ಚಿತ್ರ ನಿಂತಿದೆ. ಮರದ ಕೋಣೆ. ಗೋಡೆಯಲ್ಲಿ ಗಾಜಿಲ್ಲದ ಗಡಿಯಾರ, ಮುಳ್ಳುಗಳು ಬರಿಮೈಯಲ್ಲಿ. ಕುರ್ಚಿಯ ಬೆನ್ನಿನ ಮೇಲೆ ಇನ್ನೇನು ಜಾರಬೇಕೆನ್ನುವ ಶಾಲು. ಮೇಜಿನ ಮೇಲೆ ಎರಡು ಲೋಟ; ಒಂದರಿಂದ ಮಾತ್ರ ಹಬೆ, ಆ ಹಬೆಯೂ ನಿಂತಿದೆ. ಎದುರಿಗೆ ಅರ್ಧ ತೆರೆದ ಬಾಗಿಲು, ಬಾಗಿಲಾಚೆ ಬೆಳಗಿನ ಮಂಜು. ಚಿಲಕದ ಮೇಲೆ ಕೈಯಿಟ್ಟು, ನನಗೆ ಬೆನ್ನು ಮಾಡಿ, ಒಬ್ಬ ಹೆಂಗಸು. ಹೆರಳಿನಿಂದ ತಪ್ಪಿಸಿಕೊಂಡ ನಾಲ್ಕು ಕೂದಲು ಅವಳ ಕುತ್ತಿಗೆಯ ಮೇಲಿವೆ. ಚಿತ್ರದ ಕೆಳಗೆ ಎರಡು ಮಾತು: ತಡೆ. ಸುಮ್ಮನಿರು.

ಆ ಎರಡನ್ನೂ ಬರೆದವನು ನಾನು. ನಲವತ್ತು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿ ಮನೆಯಲ್ಲಿ ಕೂತಿದ್ದವನಿಗೆ ಕಂಪ್ಯೂಟರ್ ಆಟದ ಸಂಸ್ಥೆಯೊಂದು ಹೊಸ ಕೆಲಸ ಕೊಟ್ಟಿತ್ತು. ಪರಭಾಷೆಯ ಒಂದು ಕಥೆಯಾಟವನ್ನು ನಮ್ಮ ಭಾಷೆಗೆ ತರಬೇಕು. ಕಥೆ ಐದು ಕಂತುಗಳದ್ದು. ಬಂದರಿನ ಅಂಚಿನ ಮನೆಯಲ್ಲಿ ಅಕ್ಕ ಮತ್ತು ತಮ್ಮ. ಮಂಜು ಕವಿದಾಗ ದೋಣಿಗಳಿಗೆ ದಡ ತಿಳಿಯಲೆಂದು ಕಟ್ಟೆಯ ತುದಿಗೆ ಹೋಗಿ ಗಂಟೆ ಬಾರಿಸುವುದು ಅಕ್ಕನ ಕೆಲಸ. ಆಡುವವನೇ ತಮ್ಮ. ಕಥೆ ಅಲ್ಲಲ್ಲಿ ನಿಂತು ಅವನನ್ನು ಕೇಳುತ್ತದೆ: ಒಪ್ಪಿಕೊಳ್ಳುತ್ತೀಯೋ, ಮುಚ್ಚಿಡುತ್ತೀಯೋ? ಆರಿಸಿದ್ದನ್ನು ಅದು ಮರೆಯುವುದಿಲ್ಲ. ಗಡಿಯಾರದ ಗಾಜು ಒಡೆದದ್ದನ್ನು ಎರಡನೆಯ ಕಂತಿನಲ್ಲಿ ನಾನು ಮುಚ್ಚಿಟ್ಟೆ. ಐದನೆಯ ಕಂತಿನಲ್ಲೂ ಅದಕ್ಕೆ ಗಾಜಿಲ್ಲ.

ಅಕ್ಕನ ಧ್ವನಿ ನನ್ನ ಹೆಂಡತಿಯದು. ಒಂದು ಕಾಲದಲ್ಲಿ ರೇಡಿಯೋ ನಾಟಕಗಳಲ್ಲಿ ರಾಣಿಯಾಗಿ, ಜಗಳಗಂಟಿ ಅತ್ತೆಯಾಗಿ, ಒಮ್ಮೆ ಹಾಡುವ ಬಾವಿಯಾಗಿಯೂ ಕೇಳಿಸಿದ್ದವಳು. ನನಗೆ ಅವಳಿಟ್ಟ ಹೆಸರು ತಿದ್ದುಪಡಿ ಸಾಹೇಬರು. ನನ್ನ ಅಲ್ಪವಿರಾಮಗಳನ್ನು ನುಂಗಿ ನುಂಗಿ ತನಗೆ ಅಜೀರ್ಣವಾಗಿದೆಯೆಂದು ಬಂದವರ ಮುಂದೆಲ್ಲ ದೂರುತ್ತಿದ್ದಳು. ಮೊದಲ ನಾಲ್ಕು ಕಂತುಗಳನ್ನು ಹೀಗೆ ನಗುನಗುತ್ತಲೇ ಮುಗಿಸಿದೆವು.

ಐದನೆಯದಕ್ಕೆ ಜಗಳವಾಯಿತು. ಆಟದ ಸಾಲುಗಳು ಕಥೆಯ ಕ್ರಮದಲ್ಲಿ ಬರುವುದಿಲ್ಲ. ಚೆಲ್ಲಿದ ಕಾಳಿನಂತೆ, ಬರಿಯ ಸಂಖ್ಯೆ ಹೊತ್ತು ಬರುತ್ತವೆ. ನಾನೂರ ಹನ್ನೆರಡನೆಯದು ಕೊನೆಯ ಬಾರಿ ಮನೆ ಬಿಟ್ಟು ಹೊರಡುವ ಅಕ್ಕನದೆಂದು ಪತ್ತೆ ಮಾಡಿ ನಾನು ಬರೆದದ್ದು: ‘ಹೋಗ್ತೀನಿ. ಬಾಗಿಲು ಹಾಕ್ಕೋ.’

ಧ್ವನಿಮುದ್ರಣದ ಹಿಂದಿನ ಸಂಜೆ ಅಭ್ಯಾಸ ಮಾಡುತ್ತಿದ್ದ ಹೆಂಡತಿ ಅಲ್ಲಿ ನಿಂತಳು. “ಮನೆಯಿಂದ ಹೊರಡೋರು ಹೋಗ್ತೀನಿ ಅಂತಾರೇನ್ರೀ? ಬರ್ತೀನಿ ಅಂತಾರೆ.”

ಮೂಲದಲ್ಲಿ ಹೋಗುವುದೆಂದೇ ಇದೆ, ಮರಳಿ ಬರುವುದಿಲ್ಲವೆಂದು ಅಕ್ಕನಿಗೆ ಗೊತ್ತು, ಗೊತ್ತಿದ್ದ ಮೇಲೆ ಸುಳ್ಳೇಕೆ ಎಂದೆ. ಹರೆಯದಿಂದ ಓದಿಕೊಂಡು ಬಂದ ಹೊಸ ಕಾವ್ಯ ನನಗೆ ಕಲಿಸಿದ್ದು ಅದೊಂದನ್ನೇ: ಮಾತಿಗೆ ಸಕ್ಕರೆ ಬೆರೆಸಬಾರದು.

“ಗೊತ್ತಿದ್ದೋಳೇ ಕಣ್ರೀ ಬರ್ತೀನಿ ಅನ್ನೋದು,” ಎಂದಳು.

ಒಂದಕ್ಷರವನ್ನೂ ಬದಲಿಸಕೂಡದೆಂದು ನಾನು ಹಟ ಹಿಡಿದೆ. ಆ ರಾತ್ರಿಯ ಊಟದಲ್ಲಿ ಮಾತಾಡಿದ್ದು ತಟ್ಟೆಗಳು ಮಾತ್ರ. ಬೆಳಿಗ್ಗೆ ಅವಳು ಧ್ವನಿಮುದ್ರಣಕ್ಕೆ ಹೊರಟಾಗ ನಾನು ಯಾವುದೋ ಕರಡಿನಲ್ಲಿ ತಲೆ ತೂರಿಸಿದ್ದೆ. ಅವಳು ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತಳು. ಏನೋ ಅಂದಳು. ಕೇಳಿಸಲಿಲ್ಲವೆಂದಲ್ಲ, ನಾನು ಕೇಳಿಸಿಕೊಳ್ಳಲಿಲ್ಲ. ಎದ್ದು ಬಾಗಿಲು ಹಾಕಲೂ ಇಲ್ಲ. ಅಂದಿನ ಕೆಲಸ ಮುಗಿಸಿ ಸ್ಟುಡಿಯೋದ ಮೆಟ್ಟಿಲ ಮೇಲೆ ಕೂತವಳು ಮತ್ತೆ ಏಳಲಿಲ್ಲ. ಸುದ್ದಿ ತಂದವರಿಗೆ ಬಾಗಿಲು ತಟ್ಟುವ ಅಗತ್ಯ ಬೀಳಲಿಲ್ಲ. ಅದು ಮಧ್ಯಾಹ್ನದವರೆಗೂ ತೆರೆದೇ ಇತ್ತು.

ಏನಂದಿರಬಹುದು? ಆರು ತಿಂಗಳಿಂದ ಅದೊಂದೇ ಪ್ರಶ್ನೆ ಈ ಮನೆಯಲ್ಲಿ ನನ್ನೊಡನೆ ಓಡಾಡುತ್ತಿದೆ. ನೀರು ಕಾಯಿಸುವಾಗ ಬೆನ್ನ ಹಿಂದೆ ನಿಲ್ಲುತ್ತದೆ. ಬೀಗದ ಕೈ ಹುಡುಕುವಾಗ ನನಗಿಂತ ಮೊದಲೇ ಹೊಸ್ತಿಲಲ್ಲಿರುತ್ತದೆ.

ಹೋದ ವಾರ ಧ್ವನಿಮುದ್ರಣದ ಹೆಣ್ಣುಮಗಳು ಐದನೆಯ ಕಂತನ್ನು ತಂದಳು. ಇಡೀ ದಿನ ಹೆಡ್‌ಫೋನಿನಲ್ಲಿ ಮುಳುಗಿರುವ ಅವಳನ್ನು ನನ್ನ ಹೆಂಡತಿ ಕಿವಿ ಎಂದು ಕರೆಯುತ್ತಿದ್ದಳು. ನಮಗೆ ಆ ಹೆಸರೇ ಉಳಿಯಿತು. ಆಟದ ಗುಂಡಿಗಳ ಹಿಡಿಕೆಯನ್ನು ನಾನು ಇನ್ನೂ ಒಲೆಯಿಂದಿಳಿಸಿದ ಪಾತ್ರೆಯಂತೆ ಹಿಡಿಯುತ್ತೇನೆಂದು ನಕ್ಕಳು. ಆಮೇಲೆ ತಪ್ಪಿನ ಪಟ್ಟಿಯ ಹಾಳೆಯನ್ನು ಮುಂದಿಟ್ಟು, ಧ್ವನಿ ತಪ್ಪಿದಲ್ಲೆಲ್ಲ ಗುರುತು ಹಾಕಬೇಕೆಂದೂ, ಆ ಸಾಲುಗಳನ್ನು ಹೊಸ ಕಲಾವಿದೆಯೊಬ್ಬಳಿಂದ ಹೇಳಿಸುತ್ತಾರೆಂದೂ ತಿಳಿಸಿದಳು. ಇದನ್ನು ಹೇಳುವಾಗ ಅವಳು ನನ್ನ ಮುಖ ನೋಡಲಿಲ್ಲ. ಹೊರಡುವ ಮುನ್ನ ಇನ್ನೊಂದು ಮಾತು ಹೇಳಿದಳು: ಅಮ್ಮ ಆ ದಿನ ಕೊನೆಗೆ ಹೇಳಿದ್ದು ನಾನೂರ ಹನ್ನೆರಡನೆಯ ಸಾಲು.

ನಾನು ಆಡತೊಡಗಿದೆ. ಒಂದು ತಪ್ಪೂ ಸಿಗಲಿಲ್ಲ. ಹಿಂದಿನ ಕಂತುಗಳಲ್ಲಿ ನನ್ನ ಅಲ್ಪವಿರಾಮಗಳನ್ನು ಹಾರಿಕೊಂಡು ಹೋಗುತ್ತಿದ್ದವಳು ಇದರಲ್ಲಿ ಪ್ರತಿಯೊಂದರ ಬಳಿಯೂ ನಿಂತು, ಲೆಕ್ಕ ಒಪ್ಪಿಸುವಂತೆ ಮುಂದೆ ಹೋಗಿದ್ದಳು. ಅದು ವಿಧೇಯತೆಯಲ್ಲ, ಮುನಿಸು. ಆ ಮುನಿಸಿನಲ್ಲೇ ಕೊನೆಯ ಸಾಲನ್ನೂ ನಾನು ಬರೆದಂತೆಯೇ ಹೇಳಿಬಿಟ್ಟಿದ್ದರೆ? ಈ ಲೋಕದಲ್ಲಿ ಅವಳು ಆಡಿದ ಕೊನೆಯ ಮಾತು ನನ್ನ ಹಟದ ಮಾತಾಗಿದ್ದರೆ?

ಆದ್ದರಿಂದ ಆರು ಮಧ್ಯಾಹ್ನ ನಾನು ‘ತಡೆ’ಯನ್ನೇ ಒತ್ತಿದೆ. ತಡೆದರೆ ಅಕ್ಕ ತಿರುಗುತ್ತಾಳೆ, ಬಂದು ಕುರ್ಚಿಯಲ್ಲಿ ಕೂರುತ್ತಾಳೆ, ಶಾಲು ಹೊದೆಯುತ್ತಾಳೆ. ಆಮೇಲೆ ಮಾತಿಲ್ಲ. ಅವಳಿಗಾಗಿ ಅಲ್ಲಿ ಯಾರೂ ಒಂದು ಸಾಲನ್ನೂ ಬರೆದಿಲ್ಲ. ಉಸಿರು ಮಾತ್ರ ಕೇಳುತ್ತದೆ: ಸ್ಟುಡಿಯೋದಲ್ಲಿ ಒಮ್ಮೆ ಹಿಡಿದು, ಸುತ್ತಿ ಸುತ್ತಿ ಮತ್ತೆ ಬರುವಂತೆ ಜೋಡಿಸಿದ ಉಸಿರು. ಎರಡು ನೀಳ, ಒಂದು ಚಿಕ್ಕದು, ಆ ಚಿಕ್ಕದರ ಕೊನೆಗೊಂದು ತೊಡಕು. ಆ ತೊಡಕು ಪಕ್ಕದ ದಿಂಬಿನಿಂದ ಮೂವತ್ತೆಂಟು ವರ್ಷ ನನಗೆ ಕೇಳಿಸಿದ್ದು. ದೋಣಿಗಳು ಏನಾದವೆಂದು ಆಟ ಹೇಳುವುದಿಲ್ಲ. ಕಿಟಕಿಯ ಬೆಳಕು ಕಂದುತ್ತದೆ, ಹಬೆ ಆರುತ್ತದೆ, ಅವಳು ಉಸಿರಾಡುತ್ತಾಳೆ. ನಾನು ಎದುರಿಗೆ ಕೂತಿರುತ್ತೇನೆ. ಆರನೆಯ ದಿನ ನನ್ನ ಉಸಿರೂ ಅದೇ ತೊಡಕಿಗೆ ಬಂದು ನಿಂತಾಗ ಹೆದರಿ ಆಟ ನಿಲ್ಲಿಸಿದೆ.

ಇಂದು ಕಿವಿ ಹಾಳೆ ಒಯ್ಯಲು ಬರುವ ದಿನ. ನಾನು ಕೇಳದೆ ಬಿಟ್ಟರೆ ಬೇರೆ ಯಾರೋ ಕೇಳುತ್ತಾರೆ, ಬೇರೆ ಯಾರೋ ಗುರುತು ಹಾಕುತ್ತಾರೆ. ನಿಂತ ಚಿತ್ರವನ್ನು ಬೆಳಗಿನಿಂದ ನೋಡುತ್ತ ಕೂತಿದ್ದವನು ಊಟದ ಹೊತ್ತು ಮೀರಿದ ಮೇಲೆ ‘ಸುಮ್ಮನಿರು’ವನ್ನು ಒತ್ತಿದೆ. ಸುಮ್ಮನಿರುವುದಕ್ಕೂ ಗುಂಡಿ ಒತ್ತಬೇಕೆಂದು ಅಂದು ನನಗೆ ತಿಳಿದಿರಲಿಲ್ಲ; ಒತ್ತದೆಯೇ ಸುಮ್ಮನಿದ್ದೆ.

ಹಬೆ ಅಲುಗಿತು. ಶಾಲು ಜಾರಿತು. ಅವಳು ತಿರುಗಲಿಲ್ಲ. ತೆರೆಯ ಕೆಳಗೆ ನನ್ನ ಅಕ್ಷರಗಳು ಮೂಡಿದವು: ಹೋಗ್ತೀನಿ. ಬಾಗಿಲು ಹಾಕ್ಕೋ.

ಕೋಣೆಯಲ್ಲಿ ಕೇಳಿಸಿದ್ದು ಬೇರೆ.

“ಬರ್ತೀನಿ. ಬಾಗಿಲು ಹಾಕ್ಕೊಳ್ಳಿ.”

ಐದು ಕಂತುಗಳುದ್ದಕ್ಕೂ ಆ ಅಕ್ಕ ತಮ್ಮನನ್ನು ಏಕವಚನದಲ್ಲೇ ಕರೆದಿದ್ದಾಳೆ. ಬಹುವಚನ ಆ ಮನೆಯದಲ್ಲ. ಅದು ಈ ಮನೆಯದು.

ಅವಳು ಮಂಜಿನೊಳಗೆ ಇಳಿದು ಹೋದಳು. ಸ್ವಲ್ಪ ಹೊತ್ತಿಗೆ ದೂರದಿಂದ ಗಂಟೆ ಕೇಳತೊಡಗಿತು. ತೆರೆಯ ಮೇಲೆ ಬಾಗಿಲು ಅರ್ಧ ತೆರೆದೇ ಇತ್ತು. ಅದನ್ನು ಹಾಕಲು ಗುಂಡಿ ಒತ್ತೆಂದು ಆಟ ಕಾಯುತ್ತಿತ್ತು. ನನ್ನಿಂದಾಗಲಿಲ್ಲ. ಪೆನ್ನು ತೆಗೆದುಕೊಂಡು ಹಾಳೆಯಲ್ಲಿ ಧ್ವನಿಯ ಅಂಕಣವನ್ನು ಖಾಲಿ ಬಿಟ್ಟು, ಬರಹದ ಅಂಕಣದಲ್ಲಿ ನನ್ನ ಸಾಲನ್ನು ಹೊಡೆದುಹಾಕಿದೆ. ಅವಳದನ್ನು ಬರೆದೆ.

ನಾಲ್ಕು ಗಂಟೆಗೆ ಬಂದ ಕಿವಿ ನಿಂತುಕೊಂಡೇ ಹಾಳೆ ಓದಿದಳು.

“ತಮ್ಮನಿಗೆ ಬಹುವಚನ ಆಯ್ತಲ್ಲ ಸರ್?”

“ಐದು ಕಂತಾಯ್ತಲ್ಲಮ್ಮ. ಅವನೂ ದೊಡ್ಡೋನಾಗಿದ್ದಾನೆ.”

ಅವಳು ನಗಲಿಲ್ಲ. ಹಾಳೆಯನ್ನು ಎರಡಾಗಿ ಮಡಿಸಿದಳು, ಮತ್ತೆ ನಾಲ್ಕಾಗಿ. “ಅವತ್ತೇ ನನಗೂ ಕೇಳಿಸ್ತು ಸರ್. ಇನ್ನೊಂದು ಸಲ ಹೇಳಿ ಅಮ್ಮ ಅಂದೆ. ಬೇಡ, ತಿದ್ದೋಕೆ ಮನೇಲಿ ಒಬ್ರಿದ್ದಾರೆ ಅಂದ್ರು.”

ಅವಳ ಬೆನ್ನ ಹಿಂದೆ ತೆರೆಯಲ್ಲಿ ಗಂಟೆ ಇನ್ನೂ ಮೊಳಗುತ್ತಲೇ ಇತ್ತು. ಚೀಲವನ್ನು ಹೆಗಲಿಗೇರಿಸಿ, ಚಪ್ಪಲಿ ಮೆಟ್ಟಿ, “ಬರ್ತೀನಿ ಸರ್,” ಎಂದಳು. ತಲೆಯೆತ್ತಿ ಅವಳನ್ನು ನೋಡಿದೆ. ಬಾ ಎಂದೆ. ಅವಳು ಮೆಟ್ಟಿಲಿಳಿದು ಮರೆಯಾಗುವವರೆಗೂ ಹೊಸ್ತಿಲಲ್ಲಿ ನಿಂತಿದ್ದು, ಆಮೇಲೆ ಬಾಗಿಲು ಹಾಕಿಕೊಂಡೆ.