ಬೈಲಪ್ಪನ ಜೋಂಗಾ

ಟ್ರಾಲಿಯ ಹಲಗೆಗೆ ಒಣಗಿ ಅಂಟಿದ್ದ ಗೊಬ್ಬರವನ್ನು ಪರಶುರಾಮ್ ಸಲಿಕೆಯಿಂದ ಕೆರೆದು ಬಿಸಾಕುತ್ತಿದ್ದ. ನಾಲ್ಕು ಬಿಂದಿಗೆ ನೀರು ಸುರಿದರೂ ವಾಸನೆ ಹೋಗಿರಲಿಲ್ಲ. ಟ್ರ್ಯಾಕ್ಟರ್ ಓಬಳೇಶನದು. ಅವನು ದೊಡ್ಡ ಚಕ್ರಕ್ಕೆ ಒರಗಿ ನಿಂತು ಎಲೆ ಅಡಿಕೆ ಜಗಿಯುತ್ತಿದ್ದ.

ಅಂಗಳದಲ್ಲಿ ಬೈಲಪ್ಪ ಕುರ್ಚಿಯಲ್ಲಿ ಕೂತಿದ್ದ. ಅವರ ಕಡೆ ಹೆಣವನ್ನು ಮಲಗಿಸಿ ಒಯ್ಯುವುದಿಲ್ಲ, ಕೂರಿಸಿಯೇ ಒಯ್ಯುತ್ತಾರೆ. ಎದೆಗೊಂದು, ಹಣೆಗೊಂದು ಬಟ್ಟೆ ಕಟ್ಟಿ ಕುರ್ಚಿಯ ಬೆನ್ನಿಗೆ ಬಿಗಿದಿದ್ದರು. ಪಕ್ಕದಲ್ಲಿ ಹೆಂಡತಿ ಸಾವಂತ್ರಮ್ಮ ಗಂಡನ ಮಂಡಿ ಹಿಡಿದು ಕೂತಿದ್ದಳು. ಅವಳು ಪರಶುರಾಮನ ಒಡಹುಟ್ಟಿದ ಅಕ್ಕ. ಬೈಲಪ್ಪ ಅವನಿಗೆ ಭಾವ, ಪಾನೆ ಹಿಡಿದು ಗಾಡಿ ರಿಪೇರಿ ಮಾಡುವುದನ್ನು ಕಲಿಸಿದ ಗುರು ಕೂಡ.

ಬೈಲಪ್ಪನ ಮಗಳು ಸಂಘಮಿತ್ರಾ ಹಿತ್ತಲ ಕಡೆಯಿಂದ ಬಂದು ಟ್ರಾಲಿಯ ಮುಂದೆ ನಿಂತಳು.

"ಮಾವ, ಕೆರೆಯೋದು ಬಿಡು. ಅಪ್ಪ ಗೊಬ್ಬರದ ಟ್ರಾಲಿಯಾಗೆ ಹೋಗಲ್ಲ. ಜೋಂಗಾ ತೆಗಿ."

ಪರಶುರಾಮನ ಕೈ ನಿಂತಿತು. "ಅದು ಮುಂದಕ್ಕೆ ಹೋಗಲ್ಲ ಅಂತ ನಿನಗೆ ಗೊತ್ತಿಲ್ವೇನವ್ವ?"

"ಹಿಂದಕ್ಕೆ ಹೋಗ್ತದಲ್ಲ. ಒಂದೂವರೆ ಕಿಲೋಮೀಟರು. ರಿವರ್ಸ್‌ನಾಗೇ ಒಯ್ಯಿ."

ಓಬಳೇಶ್ ಎಲೆ ಉಗುಳಿ ನಕ್ಕ. "ಇಡೀ ಚನ್ನಗಿರಿ ತಾಲ್ಲೂಕಿನಾಗೆ ಹಿಂದಕ್ಕೆ ಮಾತ್ರ ಹೋಗೋ ಗಾಡಿ ಮಾಡಿದೋನು ಬೈಲಪ್ಪಣ್ಣ ಒಬ್ನೇ ನೋಡು. ತವರಿಗೆ ಹೋದ ಹೆಂಡ್ತೀನ ಕರ್ಕಂಡು ಬರಾಕೆ ಮಾಡ್ಸಿದ್ದ ಅಂತ ಕಾಣ್ತದೆ."

ಜಗುಲಿಯ ಮೇಲಿದ್ದ ಇಬ್ಬರು ಮೂವರು ಬಾಯಿಗೆ ಟವೆಲ್ ಅಡ್ಡ ಹಿಡಿದರು. ಪರಶುರಾಮನಿಗೆ ಸಲಿಕೆ ಎತ್ತಿ ಓಬಳೇಶನ ಮುಸುಡಿಗೆ ಬಾರಿಸಬೇಕು ಅನ್ನಿಸಿತು. ಬಾರಿಸಲಿಲ್ಲ. ಬಾರಿಸಬೇಕಾದ ಮುಸುಡಿ ಯಾವುದು ಅಂತ ಅವನಿಗೆ ಗೊತ್ತಿತ್ತು.

"ಅದರಾಗೇ ಹೋಗ್ಲಿ," ಅಂದಳು ಸಾವಂತ್ರಮ್ಮ, ತಲೆ ಎತ್ತದೆ. "ಎರಡು ವರ್ಷ ಅದರ ಕೆಳಗೇ ಮಲಗಿದ್ರು. ಒಂದು ದಿನ ಮೇಲೆ ಕೂತ್ಕಳ್ಳಿ."

ಹಿರಿಯ ತಿಪ್ಪೇಶಪ್ಪ ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿಕೊಂಡ. ಸಾವಿನ ಮನೆಯಲ್ಲಿ ಅವನ ಮಾತೇ ಕೊನೆ. "ತಪ್ಪೇನಿಲ್ಲ. ಮುಖ ಮನೆ ಕಡೀಗೆ ಇರಬೇಕು, ಅಷ್ಟೇ. ಪರಶು, ನೀನೇ ಓಡ್ಸು. ಆ ಗಾಡಿ ಮರ್ಮ ನಿನ್ನ ಬಿಟ್ರೆ ಯಾರಿಗೆ ಗೊತ್ತೈತೆ?"

*

ಜೋಂಗಾ ಅಂದರೆ ಸೈನ್ಯದ ದೊಡ್ಡ ಜೀಪು, ಮಿಲಿಟರಿ ಹರಾಜಿನಲ್ಲಿ ಬಂದದ್ದು. ನಾಲ್ಕೂ ಚಕ್ರಕ್ಕೆ ಎಳೆತ. ಉಬ್ರಾಣಿ ದಾರಿಯ ಕೆಸರಿರಲಿ, ಸೂಳೆಕೆರೆ ಹಿಂದಿನ ಕಲ್ಲುಗುಡ್ಡವಿರಲಿ, ಬಸ್ಸು ಹೋಗದ ಕಡೆಗೆಲ್ಲ ಬೈಲಪ್ಪ ಇಪ್ಪತ್ತೆರಡು ವರ್ಷ ಅದರಲ್ಲಿ ಜನ ಹೊತ್ತ. ಹೆರಿಗೆ ನೋವು ಬಂದವರನ್ನು, ಹಾವು ಕಚ್ಚಿದವರನ್ನು, ಮದುವೆ ಹೆಣ್ಣನ್ನು. ಆಮೇಲೆ ಒಂದು ಬೆಳಿಗ್ಗೆ ಲಕ್ವ ಹೊಡೆಯಿತು. ಎಡಗಾಲು ಮರದ ಕೊರಡಾಯಿತು. ಎಡಗೈ ಅರ್ಧ ಬಂತು, ಅರ್ಧ ಬರಲಿಲ್ಲ.

ಆರು ತಿಂಗಳು ಸುಮ್ಮನಿದ್ದು, ಒಂದು ದಿನ ಪರಶುರಾಮನ ಗ್ಯಾರೇಜಿಗೆ ಕುಂಟಿಕೊಂಡು ಬಂದ.

"ಪರಶು, ಕ್ಲಚ್ ಒತ್ತೋ ಕಾಲು ಹೋತು. ಕ್ಲಚ್ಚೇ ಬ್ಯಾಡದಂಗೆ ಮಾಡಿದ್ರೆ?"

ಚಿಕ್ಕಮಗಳೂರು ಕಡೆಯ ಎಸ್ಟೇಟಿನವರ ಫಾರಿನ್ ಗಾಡಿಯೊಂದು ಪಲ್ಟಿ ಹೊಡೆದು ಶಿವಮೊಗ್ಗದ ಗುಜರಿಗೆ ಬಂದಿತ್ತು. ಅದರ ಆಟೋಮ್ಯಾಟಿಕ್ ಗೇರ್‌ಬಾಕ್ಸನ್ನು ಗೋಣಿಚೀಲದಲ್ಲಿ ಸುತ್ತಿ ತಂದರು. ಜೋಂಗಾದ ಹಳೇ ಗೇರ್‌ಬಾಕ್ಸಿಗಿಂತ ಅದು ಒಂದು ಗೇಣು ಉದ್ದ. ಕೂರಿಸಲು ಚಾಸಿಯ ಅಡ್ಡಪಟ್ಟಿ ಹಿಂದಕ್ಕೆ ಸರಿಸಬೇಕಾಯಿತು. ಹಿಂದಿನ ಚಕ್ರಕ್ಕೆ ಹೋಗುವ ಶಾಫ್ಟನ್ನು ದಾವಣಗೆರೆಯ ಲೇತ್‌ನಲ್ಲಿ ಗಿಡ್ಡ ಮಾಡಿಸಬೇಕಾಯಿತು, ಮುಂದಿನದನ್ನು ಉದ್ದ. ನಾಲ್ಕು ಚಕ್ರಕ್ಕೆ ಶಕ್ತಿ ಹಂಚುವ ಡಬ್ಬಿಗೂ ಇದಕ್ಕೂ ಹೊಂದಿಸಲು ಬೈಲಪ್ಪ ಒಂದು ಕಬ್ಬಿಣದ ಬಳೆಯನ್ನು ತಾನೇ ಅಳೆದು, ಮೂರು ಸಲ ಕೆಡಿಸಿ, ನಾಲ್ಕನೇ ಸಲಕ್ಕೆ ಸರಿ ಮಾಡಿದ. ನಟ್ಟು ಹಿಡಿಯಲು ಎಡಗೈ ಸಾಲದಿದ್ದಾಗ ಹಲ್ಲಿನಲ್ಲಿ ಕಚ್ಚಿಕೊಂಡ.

"ನಾಲ್ಕನೇ ಗೇರಿಗೆ ಓವರ್‌ಡ್ರೈವ್ ಅಂತಾರೆ," ಎಂದು ಗಾಡಿಯ ಕೆಳಗಿನಿಂದಲೇ ಹೇಳಿದ್ದ. "ಅದು ಬಿತ್ತು ಅಂದ್ರೆ ಎಂಜಿನ್ ಆರಾಮ್ ತಗಂಡು ತಿರುಗ್ತದೆ, ಗಾಡಿ ಮಾತ್ರ ಓಡ್ತಾನೇ ಇರ್ತದೆ. ನನ್ನಂಥ ಸೋಮಾರಿಗೆ ಹೇಳಿ ಮಾಡ್ಸಿದ್ದು."

ಕೊನೆಗೆ ಉಳಿದದ್ದು ಒಂದು ತಂತಿ. ಸೈಕಲ್ ಬ್ರೇಕಿನ ಕೇಬಲ್ಲಿನಷ್ಟು ದಪ್ಪ. ಕಾರ್ಬೊರೇಟರಿನಿಂದ ಗೇರ್‌ಬಾಕ್ಸಿಗೆ ಎಳೆಯಬೇಕು. ಡ್ರೈವರ್ ಎಕ್ಸಲರೇಟರ್ ಎಷ್ಟು ಒತ್ತಿದ ಅನ್ನುವುದನ್ನು ಒಳಗೆ ತಿಳಿಸುವುದು ಅದೇ. ಅದಿಲ್ಲದಿದ್ದರೆ ಒಳಗಿನ ಆಯಿಲ್‌ಗೆ ಒತ್ತಡ ಏರುವುದಿಲ್ಲ. ಪ್ಲೇಟುಗಳು ಒಂದನ್ನೊಂದು ಹಿಡಿಯದೆ ಜಾರಿ ಸುಟ್ಟುಹೋಗುತ್ತವೆ. ತಂತಿಯ ಕೊಕ್ಕೆ ಮಾಡಲು ಅಳತೆ ಸಿಕ್ಕಿರಲಿಲ್ಲ. ಅಷ್ಟರಲ್ಲಿ ಬೈಲಪ್ಪ ಮೂರು ದಿನಕ್ಕೆ ಆಸ್ಪತ್ರೆಗೆ ಹೋಗಬೇಕಾಯಿತು.

"ಶೆಡ್ಡಿನಾಗೆ ಹಿಂದೆ ಮುಂದೆ ಸರಿಸು ಬೇಕಾದ್ರೆ," ಅಂದಿದ್ದ ಹೊರಡುವಾಗ. "ರೋಡಿಗೆ ಇಳಿಸ್ಬ್ಯಾಡ. ತಂತಿ ಇಲ್ಲ."

*

ನಾಲ್ಕು ಜನ ಕುರ್ಚಿ ಸಮೇತ ಎತ್ತಿ ಬೈಲಪ್ಪನನ್ನು ಜೋಂಗಾದ ಹಿಂಭಾಗದಲ್ಲಿ ಇಟ್ಟರು. ಟಾರ್ಪಾಲು ತೆಗೆದು ಹಗ್ಗದಿಂದ ಕುರ್ಚಿಯನ್ನು ಕಂಬಿಗೆ ಬಿಗಿದರು. ಮುಖ ಮನೆಯ ಕಡೆಗೆ, ಅಂದರೆ ಡ್ರೈವರ್ ಸೀಟಿನ ಕಡೆಗೆ. ಸಾವಂತ್ರಮ್ಮ ಮತ್ತು ಸಂಘಮಿತ್ರಾ ಎರಡು ಬದಿ ಕೂತರು.

ಪರಶುರಾಮ್ ಎಂಜಿನ್ ಹಚ್ಚಿ, ಗೇರಿನ ಕಡ್ಡಿಯನ್ನು ರಿವರ್ಸಿಗೆ ಎಳೆದು, ಹಿಂದೆ ತಿರುಗಿದ. ದಾರಿ ಕಾಣಬೇಕಾದರೆ ತಿರುಗಲೇಬೇಕು. ತಿರುಗಿದರೆ ಮೊದಲು ಕಾಣುವುದು ಭಾವನ ಮುಖ. ಆ ಮುಖದ ಎರಡೂ ಬದಿಯಲ್ಲಿ ಉಳಿದ ಅಷ್ಟಿಷ್ಟು ಸಂದಿಯಲ್ಲೇ ರೋಡು ನೋಡಬೇಕಿತ್ತು. ಹಣೆಯ ಪಟ್ಟಿ ಸ್ವಲ್ಪ ಸಡಿಲಾಗಿ ಗುಂಡಿ ಬಿದ್ದಾಗೆಲ್ಲ ತಲೆ ಒಂದು ಕಡೆ ವಾಲುತ್ತಿತ್ತು. ಎಂಜಿನ್ನಿನಲ್ಲಿ ಏನೋ ಸದ್ದು ಕೇಳಿದಾಗ ಬೈಲಪ್ಪ ತಲೆ ವಾಲಿಸುತ್ತಿದ್ದದ್ದು ಹಾಗೇ.

ತಮಟೆಯವರು ಮುಂದೆ, ಗಾಡಿ ನಡುವೆ, ಜನ ಹಿಂದೆ. ರಿವರ್ಸ್ ಗೇರಿನ ಕೀಚಲು ದನಿ ತಮಟೆಯನ್ನೂ ಮೀರಿಸುತ್ತಿತ್ತು. ಅಂಗಡಿ ಮುಂದೆ ನಿಂತ ಹುಡುಗರು ಮೊಬೈಲ್ ಎತ್ತಿದರು.

ನಡುದಾರಿಯಲ್ಲಿ ಹೆಣ ಇಳಿಸಿ ಮುಖ ತಿರುಗಿಸುವ ರೂಢಿ ಇತ್ತು. ಪರಶುರಾಮ್ ಅದನ್ನೇ ಕಾಯುತ್ತಿದ್ದ. ಬೇವಿನ ಮರದ ಹತ್ತಿರ ಗಾಡಿ ನಿಲ್ಲಿಸಿ, "ಅಜ್ಜ, ಮುಖ ತಿರುಗ್ಸಿ," ಅಂದ. ಹಿಂದೆ ತಿರುಗಿ ತಿರುಗಿ ಅವನ ಕತ್ತು ಹಿಡಿದುಕೊಂಡಿತ್ತು.

ತಿಪ್ಪೇಶಪ್ಪ ಹಗ್ಗ ಮುಟ್ಟಿ ನೋಡಿದ. "ಇಷ್ಟು ಬಿಗಿ ಮಾಡಿದ್ದು ಯಾವನೋ ಮಾರಾಯ. ಬಿಚ್ಚಾಕೆ ಹೋದ್ರೆ ಹೆಣ ಕೆಳಗೆ ಬೀಳ್ತದೆ. ಇರ್ಲಿ ಬಿಡು. ಅವನ ಗಾಡಿ, ಅವನೇ ನೋಡ್ಕಂಡು ಬರ್ಲಿ, ಸರಿಯಾಗಿ ಓಡಿಸ್ತೀಯೋ ಇಲ್ಲವೋ ಅಂತ."

*

ಬೈಲಪ್ಪ ಆಸ್ಪತ್ರೆಯಲ್ಲಿದ್ದ ಆ ಮೂರು ದಿನದಲ್ಲಿ ಎರಡನೇ ದಿನ ನಾಲೆಯ ಹತ್ತಿರ ಅಡಿಕೆ ಹೇರಿದ್ದ ಪರವೂರಿನ ಟೆಂಪೋ ಹೂತುಕೊಂಡಿತ್ತು. ಟ್ರ್ಯಾಕ್ಟರ್ ಸಿಗಲಿಲ್ಲ ಅಂತ ಟೆಂಪೋದವರು ಗ್ಯಾರೇಜಿಗೆ ಬಂದರು. "ನಿಮ್ಮ ಭಾವನ ಜೋಂಗಾ ಬರೀ ತೋರ್ಸಾಕೋ, ಎಳೀತದೋ?" ಎಂದು ಒಬ್ಬ ಕೇಳಿದ. ಅಷ್ಟು ಸಾಕಾಯಿತು. ಪರಶುರಾಮನ ಸಿಟ್ಟು ಯಾವಾಗಲೂ ಕಾಲಿಗೆ ಇಳಿಯುತ್ತಿತ್ತು. ಗಾಡಿ ರೋಡಿಗೆ ಇಳಿಸಿದ, ಸರಪಳಿ ಕಟ್ಟಿದ, ಪೂರ್ತಿ ಒತ್ತಿದ.

ಟೆಂಪೋ ಮೇಲೆ ಬಂತು. ಟೆಂಪೋದವರು ಕೇಕೆ ಹಾಕಿದರು. ವಾಪಸ್ಸು ಬರುವಾಗ ಎಂಜಿನ್ ಅರಚಿತು, ಗಾಡಿ ನಿಂತಿತು. ಕೆಳಗಿನಿಂದ ಕೂದಲು ಸುಟ್ಟ ವಾಸನೆ. ಅದೇ ಟೆಂಪೋಗೆ ಕಟ್ಟಿ, ಊರವರ ಕಣ್ಣಿಗೆ ಬೀಳದಂತೆ ಕತ್ತಲಲ್ಲಿ ಎಳೆಸಿಕೊಂಡು ಶೆಡ್ಡಿಗೆ ತಂದ. ಕೆಂಪಗಿರಬೇಕಾದ ಗೇರ್ ಆಯಿಲ್ ಕಾಡಿಗೆಯಂತೆ ಕಪ್ಪಾಗಿ ಇಳಿಯಿತು. ಹೊಸದು ತುಂಬಿಸಿ, ಕಪ್ಪನ್ನು ಹಿತ್ತಲಲ್ಲಿ ಸುರಿದು ಮೇಲೆ ಮಣ್ಣೆಳೆದ.

ಬೈಲಪ್ಪ ಬಂದು ತಂತಿ ಕಟ್ಟಿದ, ಎಂಜಿನ್ ಹಚ್ಚಿದ, ಬಲಗಾಲು ಒತ್ತಿದ. ಗಾಡಿ ಕದಲಲಿಲ್ಲ. ಒಂದು ತಿಂಗಳು ಬಿಚ್ಚಿದ. ಸುಟ್ಟ ಪ್ಲೇಟುಗಳನ್ನು ಗೋಣಿಯ ಮೇಲೆ ಸಾಲಾಗಿ ಇಟ್ಟುಕೊಂಡು ಕೂತ. ಅಂಥವು ಶಿವಮೊಗ್ಗದಲ್ಲೂ ಸಿಗಲಿಲ್ಲ, ದಾವಣಗೆರೆಯಲ್ಲೂ ಸಿಗಲಿಲ್ಲ.

"ನಾನೇ ಸುಟ್ಟೆ ಕಣೋ ಪರಶು. ಜೋಡಿಸುವಾಗ ಎಲ್ಲೋ ಈ ಕೈ ತಪ್ಪೈತೆ. ನನಗೇ ಗೊತ್ತಾಗಿಲ್ಲ."

ಪರಶುರಾಮ್ ಪಾನೆ ಒರೆಸುತ್ತಿದ್ದ. "ಇರಬಹುದು ಭಾವ," ಅಂದ.

ಬೈಲಪ್ಪ ಸುಟ್ಟ ಪ್ಲೇಟುಗಳನ್ನೇ ಹಾಕಿ ಮುಚ್ಚಿದ. ರಿವರ್ಸ್ ಒಂದು ಉಳಿದಿತ್ತು. ಅಲ್ಲಿಂದ ಸಾಯುವವರೆಗೆ ಅವನು ಪಾನೆ ಮುಟ್ಟಲಿಲ್ಲ.

*

ಸ್ಮಶಾನದಲ್ಲಿ ಎರಡೂ ಕಡೆ ಜಾಲಿ, ನಡುವೆ ಗಾಡಿಯಗಲದ ದಾರಿ. ಗುಂಡಿಯ ತನಕ ಹಿಂದಕ್ಕೆ ತಂದು ನಿಲ್ಲಿಸಿದ. ಬೈಲಪ್ಪನನ್ನು ಇಳಿಸಿದರು.

"ಒಬ್ಬೊಬ್ಬರೇ ಬಂದು ಒಂದು ಹಿಡಿ ಮಣ್ಣು ಹಾಕ್ರಿ," ಅಂದ ತಿಪ್ಪೇಶಪ್ಪ. "ತಪ್ಪಾಗಿದ್ರೆ ಹೊಟ್ಟೆಗೆ ಹಾಕ್ಕಳಪ್ಪ ಅನ್ರಿ."

ಎಲ್ಲರೂ ಅಂದರು. ಓಬಳೇಶನೂ ಅಂದ, ಅವನ ಕಣ್ಣು ಒದ್ದೆಯಾಗಿತ್ತು. ಪರಶುರಾಮ್ ಮಣ್ಣು ಹಾಕಿ ಅದೇ ಮಾತು ಅಂದ. ಯಾರೂ ಅವನತ್ತ ನೋಡಲಿಲ್ಲ. ಎಲ್ಲರೂ ಅನ್ನುವ ಮಾತು, ಎಲ್ಲರಂತೆ ಅಂದಿದ್ದ. ಹಿಂದಿನವನು ಮೊಣಕೈಯಿಂದ ತಿವಿದು, "ಸರಿಯಪ್ಪ ಸ್ವಲ್ಪ," ಅಂದ.

ಅಕ್ಕ ಜಾಲಿಯ ನೆರಳಲ್ಲಿ ಮಗಳ ಜೊತೆ ಕೂತಿದ್ದಳು. ಅವಳೆದುರು ಪರಶುರಾಮ್ ಕುಕ್ಕರಗಾಲಲ್ಲಿ ಕೂತ.

"ಅಕ್ಕ, ಗಾಡಿ ಕೆಡಿಸಿದ್ದು ಭಾವ ಅಲ್ಲ. ಅವ್ರು ಆಸ್ಪತ್ರೆಗೆ ಹೋದಾಗ ತಂತಿ ಇಲ್ದಂಗೆ ರೋಡಿಗೆ ಇಳಿಸಿ ಟೆಂಪೋ ಎಳೆದೆ. ನಾನು ಸುಟ್ಟಿದ್ದು. ಅವರ ಕೆಲಸ ಸರಿಯಾಗಿತ್ತು. ಒಂದು ಕೂದಲೆಳೆ ತಪ್ಪಿರಲಿಲ್ಲ."

ಸಂಘಮಿತ್ರಾ ಅವನ ಮುಖವನ್ನೇ ನೋಡಿದಳು.

"ದೀಪಾವಳಿ ದಿನ ಅವರ ಕೈಯಿಂದ ತಟ್ಟೆ ಜಾರ್ತು," ಅಂದಳು ಸಾವಂತ್ರಮ್ಮ. "ಹೋಳಿಗೆಯೆಲ್ಲ ನೆಲಕ್ಕೆ. ನನಗೆ ಸಿಟ್ಟು ಬಂತು. ಗೇರ್‌ಬಾಕ್ಸೂ ಹಾಳು ಮಾಡಿದ್ರಿ, ತಟ್ಟೇನೂ ಹಿಡಿಯಾಕೆ ಆಗಲ್ಲ, ಆ ಕೈ ಕಡಿದು ಬಿಸಾಕ್ರಿ ಅಂದೆ. ಆವತ್ತಿಂದ ಅವರು ನನ್ನ ಎದುರಿಗೆ ಕೂತು ಉಣ್ಣಲಿಲ್ಲ ಕಣೋ. ಕೊಟ್ಟಿಗೆಯಾಗೆ ಉಣ್ಣೋರು."

ಸಾವಂತ್ರಮ್ಮ ಸೆರಗಿಗೆ ಅಂಟಿದ ಮಣ್ಣು ಕೊಡವಿದಳು.

"ನೀನು ಆಗ ಹೇಳಿದ್ರೆ ನಾನು ಆ ಮಾತು ಅಂತಿರಲಿಲ್ಲ. ಇವತ್ತು ಯಾಕೆ ಹೇಳಿದೆ? ನಿನ್ನ ಎದೆ ಹಗುರ ಆಗ್ಲಿ ಅಂತ?"

ಸಂಘಮಿತ್ರಾ ತಾಯಿಯ ತೋಳು ಹಿಡಿದು ಎಬ್ಬಿಸಿದಳು. "ನಡಿ ಅವ್ವ," ಅಂದಳು.

ಮಣ್ಣು ಮುಚ್ಚಿ, ಮೇಲೆ ಕಲ್ಲಿಟ್ಟು, ಜನ ನಾಲೆಯಲ್ಲಿ ಕಾಲು ತೊಳೆದು ಸಾಲಾಗಿ ಊರ ಕಡೆ ಹೊರಟರು. ಹೂತು ಹೋಗುವಾಗ ತಿರುಗಿ ನೋಡಬಾರದು ಎಂದು ತಿಪ್ಪೇಶಪ್ಪ ಮತ್ತೆ ಮತ್ತೆ ಹೇಳುತ್ತಿದ್ದ.

ಪರಶುರಾಮ್ ಡ್ರೈವರ್ ಸೀಟಿನಲ್ಲಿ ಕೂತ. ಜೋಂಗಾದ ಮೂತಿ ಊರ ಕಡೆಗೆ ನೆಟ್ಟಗಿತ್ತು. ಹಿಂದೆ ಹಸಿ ಮಣ್ಣಿನ ಗುಡ್ಡೆ. ಹೊರಳಿಸಲು ಜಾಗವಿಲ್ಲ. ಎಂಜಿನ್ ಹಚ್ಚಿ ಕಡ್ಡಿಯನ್ನು ಮುಂದಕ್ಕೆ ಹಾಕಿದ. ಒತ್ತಿದ. ಪೂರ್ತಿ ಒತ್ತಿದ. ಎಂಜಿನ್ ಕಿರುಚಿತು, ಬಾನೆಟ್ಟು ಗಡಗಡ ನಡುಗಿತು, ಜಾಲಿಯಲ್ಲಿದ್ದ ಕಾಗೆಗಳು ಎದ್ದವು. ಚಕ್ರ ತಿರುಗಲಿಲ್ಲ.

ದಾರಿಯಲ್ಲಿ ಅಕ್ಕನ ಬಿಳಿ ಸೆರಗು, ಪಕ್ಕದಲ್ಲಿ ಸಂಘಮಿತ್ರಾ, ಅವರ ಮುಂದೆ ಇಡೀ ಊರು. ಅವನು ಕಾಲು ತೆಗೆಯಲಿಲ್ಲ. ಆ ಸದ್ದು ಕೆರೆ ಏರಿಯ ತನಕ ಕೇಳುತ್ತಿತ್ತು. ಒಬ್ಬರೂ ತಿರುಗಿ ನೋಡಲಿಲ್ಲ.