ಖುಷಿಯಾಗಿ ಹೋಗ್ತಾ ಇದ್ದೀವಿ

"ನಗೇ ಮುಂಡೆ, ನಗು! ಗಂಡ ಸತ್ತೋಳ ಥರ ಮುಖ ಮಾಡ್ಕೊಂಡು ಕೂತ್ರೆ ಆಗುತ್ತಾ?"

ಸ್ಟೂಲಿನ ಮೇಲೆ ಕೂತಿದ್ದವಳು ಅಜ್ಜಿಯ ಸೊಸೆ; ಅವಳ ಗಂಡ ಸತ್ತು ಇನ್ನೂ ನಾಲ್ಕು ತಿಂಗಳಾಗಿರಲಿಲ್ಲ. ಪೊಲೀಸ್ ಸಾಹೇಬನಿಗೆ ಅದು ಗೊತ್ತಿತ್ತು. ಗೊತ್ತಿದ್ದೇ ಅಂದದ್ದು. ಹಿಂದೆ ನಿಂತ ಪೇದೆಗಳು ಹಲ್ಲು ಕಿರಿದರು. ಕ್ಯಾಮೆರಾದವನೊಬ್ಬನೇ ನಗಲಿಲ್ಲ; ಬೆಳಗಿನಿಂದ ಇದನ್ನೇ ನೋಡಿ ಅವನಿಗೆ ಸಾಕಾಗಿತ್ತು.

ಅದು ಗಡಿಯ ತಗಡಿನ ಶೆಡ್ಡು. ಒಂದು ಬಾಗಿಲು ದೇಶದ ಕಡೆಗೆ, ಇನ್ನೊಂದು ಆಚೆಗೆ. ನಡುವೆ ಒಂದು ಸ್ಟೂಲು, ಅದರ ಹಿಂದೆ ಹಸಿರು ಹೊಲದ ಚಿತ್ರ ಬರೆದ ಪರದೆ. ಜನ ಲಾರಿಗಟ್ಟಲೆ ದೇಶ ಬಿಟ್ಟು ಓಡುತ್ತಿದ್ದಾರೆ ಅಂತ ಹೊರದೇಶದ ಪೇಪರುಗಳೆಲ್ಲ ಬರೆದ ಮೇಲೆ ಸರ್ಕಾರ ಮಾಡಿದ ಏರ್ಪಾಡು ಇದು. ಹೋಗುವವರು ಆ ಹೊಲದ ಮುಂದೆ ಕೂತು, ನಗುನಗುತ್ತಾ, ಮೈಕು ಹಿಡಿದು ಹೇಳಬೇಕು: ಸರ್ಕಾರದಿಂದ ನಮಗೇನೂ ತೊಂದರೆ ಆಗಿಲ್ಲ, ಖುಷಿಯಾಗಿ ಹೋಗ್ತಾ ಇದ್ದೀವಿ. ಹೊರಗೆ ಸಾಲಿನಲ್ಲಿ ನಿಂತವರಿಗೂ ಪಾಠ ಬಾಯಿಗೆ ಬರಲಿ ಅಂತ ಬಾಗಿಲ ಮೇಲೊಂದು ಲೌಡ್‌ಸ್ಪೀಕರ್ ಕಟ್ಟಿದ್ದರು. ಹೇಳದವರಿಗೆ ಗೇಟಿಲ್ಲ. ಹಾಗೆ ವಾಪಸ್ ಕಳಿಸಿದವರು ಮನೆ ಮುಟ್ಟಿದ ಸುದ್ದಿ ಇವತ್ತಿನವರೆಗೆ ಯಾರ ಕಿವಿಗೂ ಬಿದ್ದಿರಲಿಲ್ಲ.

"ನಿನ್ ಗಂಡನ ವಿಷ್ಯ ಪೇಪರ್‌ನಲ್ಲಿ ಬಂದು ನಮ್ಮ ಮಾನ ಹೋಗಿದೆ," ಅಂದ ಸಾಹೇಬ. "ನಿಮ್ಮನೆಯೋರು ಒಂದು ಮಾತು ಜಾಸ್ತಿ ಹೇಳ್ಬೇಕು. ನನ್ನ ಗಂಡ ಕುಡಿದು ಗುಂಡಿಗೆ ಬಿದ್ದು ಸತ್ತ. ಹೂಂ, ಅನ್ನು."

ಸೊಸೆ ತಲೆಯೆತ್ತಿ ಅತ್ತೆಯ ಮುಖ ನೋಡಿದಳು.

ಅಜ್ಜಿ ಮೊಮ್ಮಗಳ ಕೈ ಹಿಡಿದು ಗೋಡೆಗೆ ಒರಗಿದ್ದಳು. ಜೀವಮಾನವೆಲ್ಲ ಬೀದಿ ಗುಡಿಸಿ ಬೆನ್ನು ಬಗ್ಗಿದವಳು. ಮಗ ಚರಂಡಿಯ ಗುಂಡಿಗಿಳಿಯುವವನು. ಮೂಗಿಗೆ ಮಾಸ್ಕು ಕೊಡಿ ಅಂದರೆ ಗುತ್ತಿಗೆದಾರ, "ನಿಂಗ್ಯಾಕೋ, ಹುಟ್ಟಿದ್ದೇ ಆ ನಾತದಲ್ಲಿ," ಅನ್ನುತ್ತಿದ್ದ. ಒಂದು ದಿನ ಇಳಿದವನು ಹತ್ತಿ ಬರಲಿಲ್ಲ. ಮಾರನೆಯ ದಿನ ಮಂತ್ರಿಯೊಬ್ಬ ಸಭೆಯಲ್ಲಿ ಎದೆಯುಬ್ಬಿಸಿ ಹೇಳಿದ: ನಮ್ಮ ದೇಶದಲ್ಲಿ ಮನುಷ್ಯರು ಚರಂಡಿಗಿಳಿಯುವುದೇ ಇಲ್ಲ, ಎಲ್ಲಾ ಮಿಷೀನು, ಸತ್ತವನು ಯಾವನೋ ಕುಡುಕ.

ಅಜ್ಜಿ ಆ ಮಂತ್ರಿಯ ಬಾವುಟ ಹೊತ್ತು ಮೆರವಣಿಗೆ ಸುತ್ತಿದವಳು. ಬಿಸಿಲಲ್ಲಿ ನಿಂತು ಜೈಕಾರ ಹಾಕಿ ಗಂಟಲು ಹರಿದುಕೊಂಡವಳು. ಮನೆಯ ಗೋಡೆಯ ಮೇಲೆ ಸತ್ತ ಗಂಡನ ಫೋಟೋ ಇರಲಿಲ್ಲ, ಮಂತ್ರಿಯದಿತ್ತು. "ನಮ್ಮೋರು ಕಣೇ, ಹೋಗಿ ಹೇಳಿದ್ರೆ ತಿದ್ಕೋತಾರೆ," ಅಂತ ಸೊಸೆಗೆ ಧೈರ್ಯ ಹೇಳಿ ಅವನ ಬಂಗಲೆಗೆ ಹೋದಳು. ಗೇಟಿನ ಹತ್ತಿರ ಮಂತ್ರಿಯೇ ಕಾರಿಳಿದ, ಕರವಸ್ತ್ರ ಮೂಗಿಗಿಟ್ಟುಕೊಂಡ. "ಇದನ್ನ ದೂರ ನಿಲ್ಸ್ರೋ," ಅಂದ. ಇವಳನ್ನಲ್ಲ, 'ಇದನ್ನ'. ಆ ದಿನ ಮನೆಗೆ ಬಂದು ಫೋಟೋ ಕಿತ್ತು ಒಲೆಗೆ ಹಾಕಿದಳು. "ಈ ದೇಶದ ಋಣ ತೀರ್ತು, ನಡಿಯೇ," ಅಂದಳು.

ಈಗ ಅವಳೇ ಹಲ್ಲು ಕಚ್ಚಿಕೊಂಡು ಸೊಸೆಗೆ ಹೇಳಿದಳು: "ಅಂದ್ಬಿಡೇ. ಬಾಯಿ ಮಾತು ತಾನೆ? ಅಂದು ಗೇಟು ದಾಟು."

ಸೊಸೆ ಅಂದಳು. ಲೌಡ್‌ಸ್ಪೀಕರ್ ಅದನ್ನು ಹೊರಗೆಲ್ಲ ಸಾರಿತು.

"ಈಗ ಆ ಮರೀನ ಕೂರ್ಸು," ಅಂದ ಸಾಹೇಬ. "ಎಲ್ಲಿ ಪುಟ್ಟಿ, ನಮ್ಮಪ್ಪ ಕುಡುಕ ಅನ್ನು."

"ನಮ್ಮಪ್ಪ ಕುಡೀತಿರ್ಲಿಲ್ಲ," ಅಂದಿತು ಮಗು.

ಪೇದೆಗಳಿಗೆ ನಗುವೋ ನಗು. ಸೊಸೆ ಮಗುವಿನ ತೊಡೆ ಚಿವುಟಿದಳು. ಮಗು ಅಳುತ್ತಾ ಅಂದಿತು. "ಅಳೋ ಹಾಗಿಲ್ಲ," ಅಂದ ಸಾಹೇಬ, "ನಕ್ಕೊಂಡು." ಅಜ್ಜಿ ಹೋಗಿ ಮುಂದೆ ಕುಕ್ಕರಿಸಿ, ಅಂಗೈಯಲ್ಲಿ ಮಗುವಿನ ಮೂಗು ಒರೆಸಿ, "ಅಂದ್ಬಿಡು ಕಂದಾ, ಅಜ್ಜಿ ನೋಡು, ನಗ್ತಾ ಇದ್ದೀನಿ," ಅಂದಳು. ಮಗು ಅಜ್ಜಿಯ ಮುಖ ನೋಡುತ್ತಾ ನಕ್ಕಿತು. ನಕ್ಕು ಅಂದಿತು.

"ಭೇಷ್! ನೀವಿಬ್ರೂ ನಡೀರಿ. ಬಾರೇ ಮುದುಕಿ, ಬೇಗ."

ಅಜ್ಜಿ ಸ್ಟೂಲಿನ ಮೇಲೆ ಕೂತಳು. ಅಲ್ಲಿಂದ ಆಚೆಯ ಬಾಗಿಲು ನೇರ ಕಾಣುತ್ತಿತ್ತು. ತಾಯಿ ಮಗು ಹೋದರು. ಆಚೆ ದೇಶದ ಕಾವಲುಗಾರ ಅವರನ್ನು ಒಳಗೆ ಬಿಟ್ಟುಕೊಂಡು ಗೇಟೆಳೆದ, ಚಿಲಕ ಹಾಕಿದ. ಆ ಚಿಲಕ ಒಮ್ಮೆ ಬಿತ್ತೆಂದರೆ ಇತ್ತಲಿನವರ ಕೈ ಅತ್ತ ಹೋಗುವ ಹಾಗಿಲ್ಲ. ಅಲ್ಲಿ ಬಸ್ಸೊಂದು ಗುರುಗುಡುತ್ತಾ ನಿಂತಿತ್ತು.

ಆ ಪಾಠ ಹೇಳಬೇಕೆಂದೇ ಅವಳು ಕೂತದ್ದು, ಅದರಲ್ಲಿ ಸುಳ್ಳಿಲ್ಲ. ಮೊಮ್ಮಗಳನ್ನು ಬಿಟ್ಟಿರುವ ಮನಸ್ಸು ಅವಳಿಗೆಲ್ಲಿಂದ ಬರಬೇಕು? "ಸರ್ಕಾರದಿಂದ ನಮಗೇನೂ..." ಅಂದಳು.

"ನನ್ ಮಗ ಕುಡುಕ," ಅಂತ ಸಾಹೇಬ ಎತ್ತಿಕೊಟ್ಟ. "ನಕ್ಕೊಂಡು."

ಅಜ್ಜಿ ಬೊಚ್ಚುಬಾಯಿ ಅಗಲಿಸಿ ನಕ್ಕಳು. ಮೈಕನ್ನು ಎರಡೂ ಕೈಯಲ್ಲಿ ಹಿಡಿದಳು.

"ನನ್ ಮಗನ ಹೆಣ ತೊಳ್ದೋಳು ನಾನು. ಅಂಗಿ ಮೇಲೆ ಸಾರಾಯಿ ಇತ್ತು. ಬಾಯೊಳಗೆ ಚರಂಡಿ ನೀರಿತ್ತು. ಬೆರಳು ಹಾಕಿ ತೆಗ್ದೆ, ಕೆಸರು ಬಂತು. ಸತ್ತೋನ ಅಂಗಿಗೆ ಸಾರಾಯಿ ಸುರಿದ್ರಲ್ಲೋ ಹಲ್ಕಾ ನನ್ಮಕ್ಕಳಾ! ಅವನು ಕುಡೀತಿರ್ಲಿಲ್ಲ. ನಿಮ್ಮ ಹೇಲು ಬಾಚ್ತಿದ್ದ!"

ಹೊರಗಿನ ಸಾಲು ತಟ್ಟನೆ ಬಾಗಿಲ ಕಡೆಗೆ ತಿರುಗಿತು. ಪೇದೆಯೊಬ್ಬ ಹಾರಿ ಬಂದು ಮೈಕು ಎಳೆದ. ಬರಲಿಲ್ಲ, ಪೊರಕೆ ಹಿಡಿದ ಕೈ. ಬೆನ್ನ ಮೇಲೆ ಲಾಠಿ ಬಿತ್ತು. ಆಚೆ ಬಸ್ಸಿನ ಮೆಟ್ಟಿಲ ಹತ್ತಿರ ಸೊಸೆ ನಿಂತುಬಿಟ್ಟಿದ್ದಳು, ಈ ಕಡೆಗೇ ಬರಲು ಹೆಜ್ಜೆ ಎತ್ತಿದ್ದಳು.

"ಏಯ್, ತಿರುಗಿದ್ರೆ ಕಾಲು ಮುರೀತೀನಿ!" ಅಜ್ಜಿಯ ಬೈಗುಳ ಲೌಡ್‌ಸ್ಪೀಕರ್‌ನಲ್ಲಿ ಗಡಿಯನ್ನೇ ನಡುಗಿಸಿತು. "ಹತ್ತೇ ಬಸ್ಸು, ನನ್ನ ಬಂಗಾರ, ಹತ್ತೇ! ಮಗೂಗೆ ದಿನಾ ಹೇಳು, ಅಪ್ಪ ಕುಡೀತಿರ್ಲಿಲ್ಲ ಅಂತ. ಮರೀಬೇಡ..."

ಯಾರೋ ವೈರು ಕಿತ್ತರು. ಮೈಕು ಸತ್ತರೂ ಅಜ್ಜಿ ಅದನ್ನು ಬಿಡಲಿಲ್ಲ. ಬಸ್ಸು ಹೊರಟ ಸದ್ದು ಕಿವಿಗೆ ಬಿದ್ದ ಮೇಲೆ ಬಿಟ್ಟಳು.

"ತೆಗ್ದಿದ್ದನ್ನ ಅಳ್ಸೋ!" ಅಂತ ಸಾಹೇಬ ಕ್ಯಾಮೆರಾದವನ ಮೇಲೆ ಕಿರುಚಿದ. "ಇವಳನ್ನ ಜೀಪಿಗೆ ಹಾಕ್ರೋ!"

ಪೇದೆಗಳು ಅಜ್ಜಿಯ ರಟ್ಟೆ ಹಿಡಿದು ದೇಶದ ಕಡೆಯ ಬಾಗಿಲಿಗೆ ದರದರ ಎಳೆದರು. ಜೀಪು ಅದರಾಚೆ ನಿಂತಿತ್ತು. ಬಾಗಿಲ ತುಂಬ ಸಾಲಿನವರು ಬಂದು ನಿಂತಿದ್ದರು: ಗಂಟುಮೂಟೆ ಹೊತ್ತವರು, ಕೂಸು ಕಟ್ಟಿಕೊಂಡವರು, ಕೋಲೂರಿಕೊಂಡವರು.

"ಜಾಗ ಬಿಡ್ರೋ! ಗೇಟು ದಾಟೋ ಆಸೆ ಇಲ್ವೇನ್ರೋ ನಿಮ್ಗೆ?"

ಎಲ್ಲರಿಗೂ ಇತ್ತು. ಯಾರೂ ಜಾಗ ಬಿಡಲಿಲ್ಲ.